ಕಾಗದದ ಗಣಪನ ತರಬೇತಿ ಮೇ ತಿಂಗಳಲ್ಲಿ ನಡೆಯಲಿ

ಮಾನ್ಯ ಸಂಪಾದಕರೆ,

ಗಣೇಶ ಚೌತಿಗೆ ಎಂಟು ಹತ್ತು ದಿನ ಉಳಿದಿರುವಾಗ ಕಲಬುರಗಿಯ ಶಾಲೆಗಳಲ್ಲಿ, ಸಂಘ ಸಂಸ್ಥೆಗಳಲ್ಲಿ ಪರಿಸರಸ್ನೇಹಿ ಗಣಪನ ತರಬೇತಿಗಳು ಶುರುವಾಗುತ್ತವೆ. ಮಣ್ಣಿನ ಪುಟ್ಟ ಗಣಪನಾದರೆ ಆ ಅವಧಿ ಸಾಕು. ಆದರೆ ರದ್ದಿ ಕಾಗದದ ಮುದ್ದೆಯಲ್ಲಿ ಮೂರ್ತಿ ಮಾಡಿಸುವವರೂ ಅದೇ ವಾರ ಹಿಡಿಯುತ್ತಾರೆ. ಇದು ಬದಲಾಗಲೇಬೇಕು ಎಂದು ಕೇಳಲು ಈ ಪತ್ರ.

ನಾನು ನಿವೃತ್ತ ಚಿತ್ರಕಲಾ ಶಿಕ್ಷಕಿ. ಹಬ್ಬದ ಹಿಂದಿನ ದಿನ ಓಣಿಯ ಮಕ್ಕಳು ತಟ್ಟೆಯಲ್ಲಿ ಮೂರ್ತಿ ಇಟ್ಟುಕೊಂಡು ಬಂದು, "ಟೀಚರ್ರೀ, ಗಣಪ್ಪ ಇನ್ನಾ ಹಸೀನೇ ಅದಾನ್ರಿ" ಅನ್ನುತ್ತವೆ. ಹೊಟ್ಟೆಯ ಮೇಲೆ ಹೆಬ್ಬೆರಳು ಒತ್ತಿದರೆ ತಗ್ಗು ಬೀಳುತ್ತದೆ. ಬೆನ್ನ ಮೇಲೆ ಆಗಲೇ ಬೂಷ್ಟು, ಹುಳಿ ವಾಸನೆ. ಪೂಜೆಗೆ ಇಡುವುದು ಹೇಗೆ ಎಂದು ಮನೆಯವರು ಅವತ್ತೇ ಸಂಜೆ ಬಜಾರಿಗೆ ಹೋಗಿ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮೂರ್ತಿ ತರುತ್ತಾರೆ. ಮಗುವಿನ ಕೈಕೆಲಸ ಹಿತ್ತಲಿಗೆ ಹೋಗುತ್ತದೆ. ಪಿಒಪಿ ಬೇಡವೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಅದನ್ನು ಪಾಲಿಸಲು ಮುಂದೆ ಬಂದ ಮಗುವಿಗೇ ಹೀಗಾದರೆ ಮರುವರ್ಷ ಅದು ಕಾಗದ ಮುಟ್ಟುವುದಿಲ್ಲ.

ಪಿಒಪಿ ಗಟ್ಟಿಯಾಗುವುದು ಕಲಸಿದ ನೀರನ್ನು ತನ್ನೊಳಗೇ ಕಟ್ಟಿಕೊಂಡು. ಅದಕ್ಕೆ ಅರ್ಧ ಗಂಟೆ ಸಾಕು, ಮಳೆಯಿದ್ದರೂ ನಡೆಯುತ್ತದೆ. ಕಾಗದದ ಮುದ್ದೆ ಗಟ್ಟಿಯಾಗುವುದು ನೀರನ್ನು ಹೊರಗೆ ಬಿಟ್ಟು. ಸುತ್ತಲಿನ ಗಾಳಿಯೇ ತೇವದಿಂದ ತುಂಬಿರುವಾಗ ಆ ನೀರು ಹೋಗುವುದಾದರೂ ಎಲ್ಲಿಗೆ? ಮೇಲಿನ ಪದರ ಒಣಗಿದಂತೆ ಕಾಣುತ್ತದೆ, ಒಳಗಿನ ಹಸಿ ಹಾಗೇ ಉಳಿಯುತ್ತದೆ.

ಮಳೆಗಾಲದಲ್ಲೇ ಮಾಡಬೇಕಾಗಿ ಬಂದವರಿಗೆ ನನ್ನ ಅನುಭವದ ಕೆಲವು ಮಾತು. ನೀರನ್ನು ಆಮೇಲೆ ಒಣಗಿಸುವ ಬದಲು ಮೊದಲೇ ಹಿಂಡಿ ತೆಗೆಯಿರಿ. ರಾತ್ರಿ ನೆನೆಸಿದ ಕಾಗದವನ್ನು ರುಬ್ಬಿ, ಹಳೆ ಧೋತರದಲ್ಲಿ ಕಟ್ಟಿ, ಇಬ್ಬರು ಎರಡು ಕಡೆ ಹಿಡಿದು ತಿರುವಿ ಹಿಂಡಬೇಕು. ನೀರು ತೊಟ್ಟಿಕ್ಕುವುದು ನಿಂತು, ಮುದ್ದೆ ರೊಟ್ಟಿಯ ಹಿಟ್ಟಿನ ಹದಕ್ಕೆ ಬರಬೇಕು. ಅಂಟನ್ನೂ ಗಟ್ಟಿಯಾಗಿ ಕುದಿಸಿಯೇ ಸೇರಿಸಿ. ಪತ್ರಿಕೆಯ ಮಾಮೂಲಿ ಹಾಳೆಯೇ ಇದಕ್ಕೆ ಒಳ್ಳೆಯದು. ಮಿರುಗುವ ಪುರವಣಿ ಹಾಳೆಗಳಿಗೆ ಮೇಲೆ ಲೇಪವಿರುವುದರಿಂದ ಅವು ಬೇಗ ನೆನೆಯುವುದಿಲ್ಲ, ಮುದ್ದೆ ನುಣ್ಣಗಾಗುವುದಿಲ್ಲ.

ಇಡೀ ಮೂರ್ತಿಯನ್ನು ಮುದ್ದೆಯಿಂದಲೇ ತುಂಬುವುದು ಬೇಡ. ಒಣ ಕಾಗದವನ್ನು ಮುದುರಿ ದಾರ ಸುತ್ತಿ ಹೊಟ್ಟೆ, ತಲೆ ಮಾಡಿಕೊಳ್ಳಿ. ಅದರ ಮೇಲೆ ಮೂರ್ನಾಲ್ಕು ಮಿಲಿಮೀಟರ್ ದಪ್ಪದ ಪದರ ಹಚ್ಚಿ, ಅದು ಒಣಗಿದ ಮೇಲೆಯೇ ಇನ್ನೊಂದು. ಬುಡದಲ್ಲಿ ಒಂದು ತೂತು ಬಿಡಿ, ಒಳಗಿನ ತೇವಕ್ಕೂ ದಾರಿ ಬೇಕು.

ನಮ್ಮ ಮನೆಗಳಲ್ಲಿ ಶಹಾಬಾದ್ ಪರ್ಸಿಯ, ಅಂದರೆ ಹಾಸುಗಲ್ಲಿನ ನೆಲ. ಮೇ ತಿಂಗಳಲ್ಲಿ ಮಾಳಿಗೆಯ ಮೇಲಿನ ಪರ್ಸಿ ಕಾಲು ಸುಡುತ್ತದೆ, ಮಳೆಗಾಲದಲ್ಲಿ ಅದೇ ಪರ್ಸಿ ತಣ್ಣಗಿದ್ದು ಮೂರ್ತಿಯ ಬುಡವನ್ನು ಒಣಗಲು ಬಿಡುವುದಿಲ್ಲ. ಆದ್ದರಿಂದ ನುಲಿಯ ಹೊರಸಿನ ಮೇಲೆ, ಇಲ್ಲವೇ ತೊಗರಿ ಕಟ್ಟಿಗೆ ಸಾಲಾಗಿ ಹಾಸಿ ಅದರ ಮೇಲೆ ಇಡಿ. ಕೆಳಗಿನಿಂದಲೂ ಗಾಳಿ ಆಡಬೇಕು. ಆಗಾಗ ಮಗ್ಗುಲು ಬದಲಿಸಿ, ಒಂದೇ ಕಡೆ ಒಣಗಿದರೆ ಸೊಟ್ಟಗಾಗುತ್ತದೆ. ಬೇಸಿಗೆ ಮುಗಿದ ಮೇಲೆ ಮೂಲೆ ಸೇರಿದ ಕೂಲರ್ ಕೂಡ ಕೆಲಸಕ್ಕೆ ಬರುತ್ತದೆ. ನೀರು ಪೂರಾ ಖಾಲಿ ಮಾಡಿ, ಪಂಪು ಬಂದ್ ಇಟ್ಟು, ಬರೀ ಗಾಳಿ ಬಿಡಿ. ನೀರು ಹಾಕಿ ಓಡಿಸಿದರೆ ಇದ್ದ ತೇವಕ್ಕೆ ಇನ್ನಷ್ಟು ತೇವ ಸೇರಿಸಿದಂತಾಗುತ್ತದೆ.

ಬಣ್ಣಕ್ಕೆ ಅವಸರ ಮಾಡಬೇಡಿ. ಹಸಿ ಇರುವಾಗಲೇ ಬಣ್ಣ ಹಚ್ಚಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಮೂರ್ತಿಯನ್ನು ಕೆನ್ನೆಗೆ ತಾಗಿಸಿ ನೋಡಿ, ತಣ್ಣಗೆ ತಾಗಿದರೆ ನೀರು ಇನ್ನೂ ಆರುತ್ತಿದೆ ಎಂದೇ ಅರ್ಥ. ಅನುಮಾನವಿದ್ದರೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ. ತೂಕ ಇಳಿಯುತ್ತಿರುವವರೆಗೆ ಕಾಯಬೇಕು.

ಇಷ್ಟೆಲ್ಲ ಮಾಡಿದರೂ ಜಿಟಿಜಿಟಿ ಮಳೆ ಹಿಡಿದರೆ ವಾರದಲ್ಲಿ ಒಣಗುತ್ತದೆಂಬ ಭರವಸೆ ಕೊಡಲಾರೆ. ಅದೇ ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವ ಬಿಸಿಲು, ಒಣ ಗಾಳಿ. ನಮ್ಮ ಹಳ್ಳಿಯ ಹೆಣ್ಣುಮಕ್ಕಳು ರದ್ದಿ ಕಾಗದಕ್ಕೆ ಮೆಂತ್ಯ ಅರೆದು ಸೇರಿಸಿ, ಕೊಡ ಬೋರಲು ಹಾಕಿ ಅದರ ಮೇಲೆ ಮೆತ್ತಿ ಬುಟ್ಟಿ ಮಾಡುತ್ತಿದ್ದುದು ಶಾವಿಗೆ, ಸಂಡಿಗೆಯ ದಿನಗಳಲ್ಲೇ. ಬೇಳೆ, ಖಡಕ್ ರೊಟ್ಟಿ ತುಂಬಿಡುವ ಆ ಬುಟ್ಟಿಗಳು ವರ್ಷಗಟ್ಟಲೆ ಬಾಳುತ್ತಿದ್ದವು. ಈ ಬಿಸಿಲನ್ನು ಬೈಯುತ್ತಾ ಕೂರುವ ನಾವು ಅದನ್ನು ಈ ಕೆಲಸಕ್ಕೆ ಬಳಸಿಕೊಳ್ಳಬಾರದೇ?

ಆದ್ದರಿಂದ ತರಬೇತಿ ನಡೆಸುವವರಲ್ಲಿ ನನ್ನ ಕಳಕಳಿಯ ವಿನಂತಿ. ಮೂರ್ತಿ ಮಾಡುವ ಕೆಲಸವನ್ನು ಮೇ ತಿಂಗಳ ಬೇಸಿಗೆ ಶಿಬಿರಗಳಿಗೆ ತನ್ನಿ. ಚೆನ್ನಾಗಿ ಒಣಗಿದ ಮೂರ್ತಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಅಟ್ಟದ ಮೇಲಿಡಲಿ. ಹಬ್ಬದ ವಾರಕ್ಕೆ ಬಣ್ಣದ ಕೆಲಸ ಮಾತ್ರ ಉಳಿಯಲಿ. ಅರಿಶಿನ, ಕುಂಕುಮ, ಕಾವಿಯ ಬಣ್ಣ ಸಾಕು. ವಿಸರ್ಜನೆಯನ್ನೂ ಕೆರೆಗೆ ಒಯ್ಯದೆ ಮನೆಯ ಬಕೆಟ್ಟಿನಲ್ಲೇ ಮಾಡಲಿ. ಕಲಿಸಲು ಯಾವ ಶಾಲೆಯವರು ಕರೆದರೂ ಬರಲು ನಾನು ಸಿದ್ಧಳಿದ್ದೇನೆ. ಮಕ್ಕಳು ರದ್ದಿ ಕೂಡಿಡುವುದನ್ನು ಈಗಿನಿಂದಲೇ ಶುರು ಮಾಡಿದರೆ ಆಯಿತು.

– ನಿವೃತ್ತ ಚಿತ್ರಕಲಾ ಶಿಕ್ಷಕಿ, ಬ್ರಹ್ಮಪುರ, ಕಲಬುರಗಿ