ಧಾರಾವಾಹಿಯಿಂದ ರಂಗಕ್ಕೆ ಮರಳಿದ ನಟ: ಗೆಳೆಯನಿಗೊಂದು ಪತ್ರ

ಪ್ರೀತಿಯ ಸೀನಾ,

ಧಾರಾವಾಹಿ ಒಪ್ಪಿಕೊಂಡರೆ ನಾಟಕ ಕೈತಪ್ಪಿ ಹೋಗುತ್ತದೇನೋ ಅಂತ ಕೇಳಿದ್ದೆಯಲ್ಲ, ಆಸ್ಟ್ರಿಯಾದ ನಟ ಟೋಬಿಯಾಸ್ ಮೊರೆಟ್ಟಿ ನಡೆದ ದಾರಿ ನೋಡು. ನಾಟಕ ಕೈತಪ್ಪಲೇಬೇಕೆಂದೇನಿಲ್ಲ.

1959ರಲ್ಲಿ ಟಿರೋಲ್ ಸೀಮೆಯಲ್ಲಿ ಹುಟ್ಟಿದವರು. ವಿಯೆನ್ನಾದಲ್ಲಿ ಸಂಗೀತ ಸಂಯೋಜನೆ ಓದಿ, ಆಮೇಲೆ ಮ್ಯೂನಿಕ್‌ನ ಒಟ್ಟೋ ಫಾಲ್ಕೆನ್‌ಬೆರ್ಗ್ ಶಾಲೆಯಲ್ಲಿ ನಟನೆ ಕಲಿತು, ಅಲ್ಲಿಯ ಕಾಮ್ಮರ್‌ಸ್ಪೀಲೆ ರಂಗಮಂದಿರದ ಕಾಯಂ ತಂಡದಲ್ಲಿ ದುಡಿದರು. ಇಂಥ ತಂಡದಲ್ಲಿ ನಟನಿಗೆ ತಿಂಗಳ ಸಂಬಳ. ಹಗಲು ಹೊಸ ನಾಟಕದ ತಾಲೀಮು, ಸಂಜೆ ಬೇರೊಂದರ ಪ್ರದರ್ಶನ. ನೆನಪು, ಉಸಿರು, ದನಿ ಎಲ್ಲ ಪಳಗುವುದು ಅಲ್ಲೇ.

1994ರಲ್ಲಿ ಶುರುವಾದ ಟಿವಿ ಧಾರಾವಾಹಿ ‘ಕಮಿಸ್ಸಾರ್ ರೆಕ್ಸ್’ ಅವರನ್ನು ಮನೆಮಾತಾಗಿಸಿತು. ಪೊಲೀಸ್ ಅಧಿಕಾರಿ ಮೋಸರ್ ಪಾತ್ರ, ಜೊತೆಗೆ ಒಂದು ಜರ್ಮನ್ ಶೆಫರ್ಡ್. ನಾಯಿ ಜೊತೆ ನಟಿಸುವುದು ಸಲೀಸಲ್ಲ ಮಾರಾಯ. ಅದರ ಗಮನವೆಲ್ಲ ಕ್ಯಾಮೆರಾ ಆಚೆ ನಿಂತ ತರಬೇತುದಾರರ ಸನ್ನೆಯ ಮೇಲೆ. ಬಾಗಿಲು ತಳ್ಳುವುದು ಒಂದು ಶಾಟ್, ಬನ್ನಿನೊಳಗಿನ ಸಾಸೇಜ್‌ ಕದಿಯುವುದು ಇನ್ನೊಂದು. ನಾಯಿ ಸರಿಯಾಗಿ ಮಾಡಿದ ಟೇಕೇ ಕೊನೆಗೆ ಉಳಿಯುತ್ತದೆ. ಅದರಲ್ಲಿ ನೀನು ಸಡಿಲವಾಗಿದ್ದರೆ ಆ ಸಡಿಲವೂ ಉಳಿಯುತ್ತದೆ! ಹತ್ತನೇ ಸಲಕ್ಕೂ ಮೊದಲ ಸಲದ ಬಿಸಿ ಬೇಕು. ಒಂದೇ ನಾಟಕವನ್ನು ತಿಂಗಳುಗಟ್ಟಲೆ ಆಡಿದವನಿಗೆ ಅದು ರೂಢಿಯಾಗಿರುತ್ತದೆ.

1998ರಲ್ಲಿ, ಧಾರಾವಾಹಿ ಇನ್ನೂ ಚೆನ್ನಾಗಿ ಓಡುತ್ತಿರುವಾಗಲೇ, ಅದರಿಂದ ಹೊರಬಂದರು. ಮೋಸರ್ ಕೊಲೆಯಾಗುತ್ತಾನೆ. ಕಥೆಗಾರರು ಊರು ಬಿಡಿಸಿದ್ದರೆ ವಾಪಸ್ ಕರೆಸಬಹುದಿತ್ತು, ಸಾಯಿಸಿದ ಮೇಲೆ ಆ ಬಾಗಿಲೇ ಮುಚ್ಚಿತು. ಇದೇ ಅವರ ಬದುಕಿನ ಅತಿ ಒಳ್ಳೆಯ ತೀರ್ಮಾನ ಅಂತ ನನಗನ್ನಿಸುತ್ತದೆ. 2005ರಲ್ಲಿ ಆಸ್ಟ್ರಿಯಾದ ನಾಟಕಕಾರ ಗ್ರಿಲ್‌ಪಾರ್ಟ್ಸರ್ ನಾಟಕದ ದೊರೆ ಒಟ್ಟೊಕಾರ್ ಆದರು. ಅದೇ ವರ್ಷ ಟಿವಿಯಲ್ಲಿ ಹಿಟ್ಲರ್ ಪಾತ್ರ.

ಇನ್ನು ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಊರಿನ ಉತ್ಸವದ ನಾಟಕ ‘ಯೇಡರ್‌ಮನ್’. ಸಿರಿವಂತನೊಬ್ಬನನ್ನು ಔತಣದ ನಡುವೆ ಸಾವು ಕರೆಯುವ ಕಥೆ, 1920ರಿಂದ ಕೆಥೆಡ್ರಲ್ ಮುಂದಿನ ಬಯಲಲ್ಲಿ ಆಡುತ್ತ ಬಂದಿದ್ದಾರೆ. ಮೊರೆಟ್ಟಿ 2002ರಲ್ಲಿ ಇದರಲ್ಲಿ ಸೈತಾನ ಮತ್ತು ಆಪ್ತ ಗೆಳೆಯ, ಎರಡೂ ಪಾತ್ರ ಮಾಡಿದರು. 2017ರಿಂದ 2020ರವರೆಗೆ ನಾಯಕ. ಮಾತೆಲ್ಲ ಪ್ರಾಸದ ಸಾಲು, ಸಾಲಿಗೆ ನಾಲ್ಕು ಕಡೆ ದನಿ ಒತ್ತಿ ಹೇಳಬೇಕು. ಪ್ರಾಸದ ಮೇಲೆ ಭಾರ ಹಾಕಿದರೆ ಮಗ್ಗಿ ಒಪ್ಪಿಸಿದಂತೆ ಕೇಳುತ್ತದೆ. ಹಾಗಾಗಿ ಅರ್ಥವನ್ನು ಸಾಲಿನ ತುದಿಯಾಚೆಗೂ ಎಳೆದೊಯ್ಯಬೇಕು. ನಾಯಕನ ಹೆಸರನ್ನು ಸುತ್ತಲಿನ ಗೋಪುರಗಳಿಂದ, ಬೆಟ್ಟದ ಕೋಟೆಯಿಂದಲೂ ಕೂಗುತ್ತಾರೆ. ಅಷ್ಟು ದೂರದ ಕೂಗು ತಲುಪುವ ತನಕ ಅವಸರಪಡದೆ ಕಾಯಬೇಕು. ಮಳೆ ಬಂತೋ, ಆಟ ದೊಡ್ಡ ಉತ್ಸವ ಮಂದಿರದೊಳಕ್ಕೆ ಹೋಗುತ್ತದೆ. ಅಲ್ಲಿ ಆ ದೂರವೇ ಇಲ್ಲ, ಬಯಲಿನ ಲೆಕ್ಕವೆಲ್ಲ ಬದಲು. ನಟ ಎರಡಕ್ಕೂ ತಯಾರಿರಬೇಕು.

ಸಹಿ ಹಾಕುವ ಮುಂಚೆ ಒಟ್ಟು ಎಷ್ಟು ಕಂತು, ತಿಂಗಳಿಗೆ ಎಷ್ಟು ದಿನ ಶೂಟಿಂಗ್, ನಾಟಕದ ದಿನ ಬಿಡುವು ಉಂಟೋ ಇಲ್ಲವೋ ಕೇಳು. ಮಧ್ಯೆ ಬಿಡಬೇಕಾದರೆ ಎಷ್ಟು ದಿನ ಮೊದಲು ತಿಳಿಸಬೇಕು ಅನ್ನೋದನ್ನು ಮಾತ್ರ ಬಾಯಿಮಾತಿಗೆ ಬಿಡದೆ ಕರಾರಿನಲ್ಲೇ ಬರೆಸಿಕೋ.

ನಿನ್ನ,
ರಘು