‘ನಾಸಾ ಒಪ್ಪಿದ ಸಂಸ್ಕೃತ’ ಮತ್ತು ನಿಜವಾದ ವಾದ

ಮಾನ್ಯ ಸಂಪಾದಕರೇ,

ದಾವಣಗೆರೆಯಲ್ಲಿ ಇತ್ತೀಚೆಗೆ ನಡೆದ ಸಮಾರಂಭವೊಂದರ ವರದಿಯಲ್ಲಿ, ಕಂಪ್ಯೂಟರಿಗೆ ಸಂಸ್ಕೃತವೇ ಅತ್ಯಂತ ಯೋಗ್ಯ ಭಾಷೆಯೆಂದು ನಾಸಾ ಘೋಷಿಸಿದೆ ಎಂಬ ಭಾಷಣಕಾರರ ಮಾತನ್ನು ತಮ್ಮ ಪತ್ರಿಕೆ ಹಾಗೆಯೇ ಪ್ರಕಟಿಸಿದೆ. ನಾಸಾ ಅಂಥ ಘೋಷಣೆ ಮಾಡಿಲ್ಲ. ಸಂಸ್ಕೃತವನ್ನೇ ಪಾಠ ಹೇಳಿ ನಿವೃತ್ತನಾದ ನನಗೆ ಇದನ್ನು ಬರೆಯುವುದರಲ್ಲಿ ಸಂತೋಷವೇನೂ ಇಲ್ಲ. ಆದರೆ ಈ ವದಂತಿಗೆ ಮೂಲವಾದ ಲೇಖನ ವದಂತಿಗಿಂತ ಎಷ್ಟೋ ಸ್ವಾರಸ್ಯವಾಗಿದೆ.

1985ರಲ್ಲಿ ‘ಎಐ ಮ್ಯಾಗಜೀನ್’ ಎಂಬ ನಿಯತಕಾಲಿಕದಲ್ಲಿ ಅದನ್ನು ಬರೆದವರು ರಿಕ್ ಬ್ರಿಗ್ಸ್. ಅವರು ನಾಸಾದ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದರು; ನಾಸಾದ ನಂಟು ಅಷ್ಟಕ್ಕೇ ಮುಗಿಯಿತು. ಯಂತ್ರಕ್ಕೆ ಮನುಷ್ಯರ ಭಾಷೆಯನ್ನು ತಿಳಿಸಲು ಹೊರಟವರಲ್ಲಿ ಆ ಹೊತ್ತಿಗೆ ಎರಡು ದಶಕಗಳಿಂದ ನಡೆದಿದ್ದ ವಾದ, ಯಾವ ಭಾಷೆ ಶ್ರೇಷ್ಠ ಎಂಬುದಲ್ಲ, ವಾಕ್ಯದ ಅರ್ಥವನ್ನು ಯಂತ್ರದೊಳಗೆ ಯಾವ ರೂಪದಲ್ಲಿ ಇರಿಸಬೇಕು ಎಂಬುದು. 1968ರಲ್ಲಿ ಭಾಷಾವಿಜ್ಞಾನಿ ಚಾರ್ಲ್ಸ್ ಫಿಲ್‌ಮೋರ್, ಕ್ರಿಯಾಪದವನ್ನು ನಡುವೆ ನಿಲ್ಲಿಸಿ ಮಾಡುವವನು, ಸಾಧನ, ಸ್ಥಳ ಮುಂತಾದ ಪಾತ್ರಗಳನ್ನು ಅದರ ಸುತ್ತ ಗುರುತಿಸಬೇಕೆಂದರು. ರೋಜರ್ ಶ್ಯಾಂಕ್ ಎಲ್ಲ ಕ್ರಿಯೆಗಳನ್ನೂ ಹತ್ತು ಹನ್ನೊಂದು ಮೂಲಕ್ರಿಯೆಗಳಿಗೆ ಇಳಿಸಲು ಹೊರಟರು. ಪರಿಕಲ್ಪನೆಗಳನ್ನು ಗೆರೆಗಳಿಂದ ಜೋಡಿಸಿ ಜಾಲ ಹೆಣೆಯುವವರು ಇನ್ನೊಂದು ಗುಂಪು. ಆ ಗೆರೆಗಳಿಗೆ ನಿಜವಾಗಿ ಏನರ್ಥವೆಂದು 1975ರಲ್ಲಿ ವಿಲಿಯಂ ವುಡ್ಸ್ ಈ ಗುಂಪನ್ನು ತರಾಟೆಗೆ ತೆಗೆದುಕೊಂಡರು.

ಬ್ರಿಗ್ಸ್ ಮಾತು ಸೇರಿಸಿದ್ದು ಈ ವಾದದಲ್ಲಿ. ಮೈತ್ರನು ಸ್ನೇಹದಿಂದ ದೇವದತ್ತನಿಗಾಗಿ ಪಾತ್ರೆಯಲ್ಲಿ ಬೆಂಕಿಯಿಂದ ಅನ್ನ ಬೇಯಿಸುತ್ತಾನೆ ಎಂಬ ವಾಕ್ಯವನ್ನು ನಮ್ಮ ವೈಯಾಕರಣರು ಕರ್ತೃ, ಕರ್ಮ, ಕರಣ, ಸಂಪ್ರದಾನ, ಅಧಿಕರಣಗಳೆಂಬ ಕಾರಕಗಳಾಗಿ, ಎಂದರೆ ಕ್ರಿಯೆಯಲ್ಲಿ ಒಂದೊಂದು ಪದ ವಹಿಸುವ ಪಾತ್ರಗಳಾಗಿ ಬಿಡಿಸಿ, ಹೇತುವನ್ನೂ (ಕಾರಣವನ್ನೂ) ಬೇರೆಯಾಗಿ ತೋರಿಸಿ ಹೇಳುವ ಕ್ರಮಕ್ಕೂ ಮೇಲೆ ಹೇಳಿದ ಪರಿಕಲ್ಪನೆಗಳ ಜಾಲಕ್ಕೂ ಆಶ್ಚರ್ಯಕರ ಹೋಲಿಕೆಯಿದೆಯೆಂದು ಅವರು ತೋರಿಸಿದರು. ಅಲ್ಲಿ ಅವರ ಮೆಚ್ಚುಗೆಗೆ ಪಾತ್ರವಾದದ್ದು ಶಾಸ್ತ್ರಕಾರರು ಬೇಕೆಂದೇ ಬಿಗಿಗೊಳಿಸಿಕೊಂಡ, ಯಾರೂ ಮನೆಯಲ್ಲಿ ಆಡದ ವಿವರಣೆಯ ಭಾಷೆ. ಅದನ್ನು ಇಡೀ ಸಂಸ್ಕೃತಕ್ಕೆ ಅನ್ವಯಿಸಿ, ಸಂಸ್ಕೃತದಲ್ಲಿ ಸಂದಿಗ್ಧವೇ ಇಲ್ಲವೆನ್ನುವುದು ಅತಿಯಾಯಿತು. ‘ರಾಮೇಣ ಬಾಣೇನ ಹತೋ ವಾಲೀ’ (ರಾಮನಿಂದ ಬಾಣದಿಂದ ವಾಲಿ ಹತನಾದನು) ಎಂಬಲ್ಲಿ ಕೊಂದವನಿಗೂ ಬಾಣಕ್ಕೂ ಒಂದೇ ತೃತೀಯಾ ವಿಭಕ್ತಿ. ಕೊಂದವನು ರಾಮ, ಬಾಣ ಬರೀ ಸಾಧನ ಎಂಬುದನ್ನು ಪ್ರತ್ಯಯ ಹೇಳುವುದಿಲ್ಲ. ಒಂದೇ ಶ್ಲೋಕದಲ್ಲಿ ರಾಮಾಯಣವನ್ನೂ ಭಾರತವನ್ನೂ ಹೇಳುವ ಶ್ಲೇಷಕಾವ್ಯಗಳನ್ನು ಬರೆದ ಭಾಷೆಗೆ ಸಂದಿಗ್ಧವಿಲ್ಲವೆಂಬ ಬಿರುದು ಕೊಟ್ಟರೆ ಆ ಕವಿಗಳೇ ಒಪ್ಪಲಾರರು.

ಇದೇ ತೊಡಕನ್ನು 1960ರಲ್ಲಿ ಯಂತ್ರಾನುವಾದದ ಸಂಶೋಧಕ ಯೆಹೋಶುವಾ ಬಾರ್‌-ಹಿಲೆಲ್ ಇಂಗ್ಲಿಷಿನ ಒಂದು ಸಣ್ಣ ವಾಕ್ಯದಿಂದ ತೋರಿಸಿದ್ದರು: ‘ಪೆಟ್ಟಿಗೆ ಪೆನ್ನಿನಲ್ಲಿತ್ತು.’ ಅಲ್ಲಿ ಪೆನ್ ಎಂದರೆ ಲೇಖನಿಯಲ್ಲ, ಮಕ್ಕಳನ್ನು ಆಡಲು ಬಿಡುವ ಕಟಕಟೆ ಎಂದು ತಿಳಿಯಲು ವ್ಯಾಕರಣವೂ ನಿಘಂಟೂ ಸಾಲವು, ಯಾವುದು ದೊಡ್ಡದು ಯಾವುದು ಚಿಕ್ಕದು ಎಂಬ ಲೋಕಜ್ಞಾನ ಬೇಕು. ಆದ್ದರಿಂದ ಯಂತ್ರವೊಂದೇ ಮಾಡುವ ಉತ್ತಮ ಮಟ್ಟದ ಅನುವಾದ ಸಾಧ್ಯವಿಲ್ಲ ಎಂಬುದು ಅವರ ವಾದ. ಯಂತ್ರಾನುವಾದವನ್ನು ಪರಿಶೀಲಿಸಿದ ಸಮಿತಿಯ 1966ರ ಆಲ್ಪಾಕ್ ವರದಿಯ ನಂತರ ಅಮೆರಿಕದಲ್ಲಿ ಯಂತ್ರಾನುವಾದಕ್ಕೆ ಹಣವೂ ಬತ್ತಿತು.

ಬಾರ್‌-ಹಿಲೆಲ್ ಅವರ ಮಾತಿಗೆ ಉದಾಹರಣೆ ಹುಡುಕಲು ನಮ್ಮ ಜಿಲ್ಲೆಯವರು ದೂರ ಹೋಗಬೇಕಿಲ್ಲ. ‘ರೈತರಿಂದ ಮೆಕ್ಕೆಜೋಳ ಖರೀದಿ’ ಎಂಬ ತಲೆಬರಹದಲ್ಲಿ ರೈತರು ಮಾರುವವರು; ‘ರೈತರಿಂದ ಬಿತ್ತನೆ ಬೀಜ ಖರೀದಿ’ ಎಂಬಲ್ಲಿ ಅದೇ ರೈತರು ಕೊಳ್ಳುವವರು. ಪ್ರತ್ಯಯ ಒಂದೇ, ಖರೀದಿಯೂ ಒಂದೇ, ಕಾರಕ ಮಾತ್ರ ಬೇರೆ. ಎಪಿಎಂಸಿ ಅಂಗಳವನ್ನು ಒಮ್ಮೆ ನೋಡಿದವನಿಗೆ ಇಲ್ಲಿ ಗೊಂದಲವೇ ಆಗುವುದಿಲ್ಲ, ಯಂತ್ರಕ್ಕೆ ಆಗುತ್ತದೆ.

ಪಾಣಿನಿಯ ಕಾರಕವಿಚಾರವನ್ನು ಭಾಷಣದಲ್ಲಿ ಹೊಗಳದೆ ಕೆಲಸಕ್ಕೆ ಹಚ್ಚಿದವರೂ ಇದ್ದಾರೆ. ಕಾನ್ಪುರದ ಐಐಟಿಯಲ್ಲಿ ವಿನೀತ್ ಚೈತನ್ಯ, ರಾಜೀವ್ ಸಂಗಲ್ ಮತ್ತು ಸಂಗಡಿಗರು ಅದನ್ನು ಆಧುನಿಕ ಭಾರತೀಯ ಭಾಷೆಗಳಿಗೆ ಅನ್ವಯಿಸಿದರು. ಅಲ್ಲಿ ರೂಪುಗೊಂಡ ‘ಅನುಸಾರಕ’ ವ್ಯವಸ್ಥೆ ಕನ್ನಡದ ಬರಹವನ್ನು ಹಿಂದಿ ಬಲ್ಲವರು ಓದಿ ಗ್ರಹಿಸುವಂತೆ ಮಾಡಲು ಯತ್ನಿಸಿತು. ಕನ್ನಡಕ್ಕೆ ನೇರವಾಗಿ ಸಂಬಂಧಿಸಿದ ಈ ಪ್ರಯತ್ನವನ್ನು ಸಮಾರಂಭಗಳಲ್ಲಿ ಯಾರೂ ನೆನೆದದ್ದನ್ನು ನಾನು ಕೇಳಿಲ್ಲ.

ಆದ್ದರಿಂದ ತಾವು ಒಂದು ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ. ಜೊತೆಗೆ, ತೋಳಹುಣಸೆಯ ನಮ್ಮ ವಿಶ್ವವಿದ್ಯಾನಿಲಯದ ಕನ್ನಡ ವಿದ್ಯಾರ್ಥಿಗಳೂ ನಗರದ ಎಂಜಿನಿಯರಿಂಗ್ ಕಾಲೇಜುಗಳ ಕಂಪ್ಯೂಟರ್ ವಿದ್ಯಾರ್ಥಿಗಳೂ ಒಟ್ಟಿಗೆ ಕುಳಿತು, ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ‘ಇಂದ’ ಪ್ರತ್ಯಯವಿರುವ ತಲೆಬರಹಗಳನ್ನು ಆಯ್ದು, ಪ್ರತಿಯೊಂದರ ಕಾರಕವನ್ನು ಗುರುತಿಸಿ ಪಟ್ಟಿ ಮಾಡಲು ಆ ಸಂಚಿಕೆಗಳನ್ನು ತಾವು ಒದಗಿಸಿಕೊಟ್ಟರೆ ಉಪಕಾರವಾದೀತು. ಇಬ್ಬರು ಒಂದೇ ತಲೆಬರಹಕ್ಕೆ ಬೇರೆ ಬೇರೆ ಕಾರಕ ಹೇಳಿದರೆ ಎರಡನ್ನೂ ಹಾಗೆಯೇ ದಾಖಲಿಸಲಿ.

ಇಂತಿ,
ಸಂಸ್ಕೃತದ ನಿವೃತ್ತ ಉಪನ್ಯಾಸಕ,
ವಿದ್ಯಾನಗರ, ದಾವಣಗೆರೆ