ಪತ್ರಾಸಿನ ಮನೆಯವರಿಗೆ ‘ಮನೆಯಲ್ಲೇ ಇರಿ’ ಅಂತ ಹೇಳಬೇಡಿ

ಸಂಪಾದಕರಿಗೆ ನಮಸ್ಕಾರ.

ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದಾಗಲೆಲ್ಲ ನಿಮ್ಮ ಪತ್ರಿಕೆಯಲ್ಲಿ ಸುದ್ದಿ ಬರುತ್ತದೆ. ದಡದಿಂದ ಎಷ್ಟು ದೂರ ಇದೆ, ಗಾಳಿಯ ವೇಗ ಎಷ್ಟು, ಯಾವ ದಿಕ್ಕಿಗೆ ಹೊರಟಿದೆ, ಎಲ್ಲ ಇರುತ್ತದೆ. ಕೊನೆಗೆ ಒಂದು ಸಾಲು ಇರುತ್ತದೆ, ಜನರು ಮನೆಯಿಂದ ಹೊರಗೆ ಬರಬಾರದು ಅಂತ. ಆ ಒಂದು ಸಾಲಿನ ಬಗ್ಗೆ ನನಗೆ ಸ್ವಲ್ಪ ಹೇಳುವುದಿದೆ.

ನನ್ನ ಊರು ಬಾಗಲಕೋಟೆ ಕಡೆ. ಗೋವಾಕ್ಕೆ ಬಂದು 18 ವರ್ಷ ಆಯಿತು. ವಾಸ್ಕೋ ಹತ್ತಿರ ಜುವಾರಿನಗರದಲ್ಲಿ ಇರುತ್ತೇನೆ, ನಮ್ಮವರು ಅದನ್ನು ಬಿರ್ಲಾ ಅಂತಲೇ ಕರೆಯುತ್ತಾರೆ. ನನ್ನದು ಫ್ಯಾಬ್ರಿಕೇಶನ್ ಕೆಲಸ. ಶೆಡ್ ಕಟ್ಟುತ್ತೇನೆ, ಮನೆಗಳಿಗೆ ಪತ್ರಾಸ್ (ಚಾವಣಿಯ ತಗಡು ಅಥವಾ ಸಿಮೆಂಟ್ ಶೀಟು) ಹಾಕುತ್ತೇನೆ, ಮಳೆಗಾಲಕ್ಕೆ ಮುಂಚೆ ಸೋರುವ ಚಾವಣಿ ಸರಿ ಮಾಡಿಕೊಡುತ್ತೇನೆ. ಇಲ್ಲಿ ವಿಜಯಪುರ, ಕೊಪ್ಪಳ, ಗದಗ, ಹಾವೇರಿ ಕಡೆಯಿಂದ ಬಂದ ನಮ್ಮ ಜನ ತುಂಬಾ ಇದ್ದಾರೆ. ಅವರಲ್ಲಿ ಎಷ್ಟೋ ಮಂದಿಯ ತಲೆಯ ಮೇಲೆ ಇರುವುದು ಪತ್ರಾಸೇ. ಸ್ಲ್ಯಾಬ್, ಅಂದರೆ ಕಾಂಕ್ರೀಟ್ ಚಾವಣಿಯ ಮನೆಯವರಿಗೆ ‘ಮನೆಯಲ್ಲೇ ಇರಿ’ ಅನ್ನುವುದು ಒಳ್ಳೆಯ ಮಾತು. ಪತ್ರಾಸಿನ ಮನೆಯವರಿಗೆ ಅದೇ ಮಾತು ಅಪಾಯ ಆಗಬಹುದು. ನಾನು ಅದನ್ನು ಕಣ್ಣಾರೆ ನೋಡಿದ್ದೇನೆ.

2021ರ ಮೇ 16, ರವಿವಾರ. ತೌಕ್ತೆ ಚಂಡಮಾರುತ ಗೋವಾದ ಪಕ್ಕದ ಸಮುದ್ರದಲ್ಲಿ ಹಾದುಹೋದ ದಿನ. ಕೊರೊನಾ ಕರ್ಫ್ಯೂ ಬೇರೆ ಇತ್ತು, ಕೆಲಸ ಇರಲಿಲ್ಲ, ಎಲ್ಲರೂ ಮನೆಯಲ್ಲೇ ಇದ್ದೆವು. ನಸುಕಿನಿಂದ ಗಾಳಿ ಬೀಸುತ್ತಲೇ ಇತ್ತು. ನಮ್ಮ ಸಾಲಿನಲ್ಲಿ ಆರು ಖೋಲಿ. ಮೂರನೆಯ ಖೋಲಿಯಲ್ಲಿ ಕೊಪ್ಪಳದ ಕಡೆಯ ಒಂದು ಕುಟುಂಬ, ಗಂಡ ಹೆಂಡತಿ ಇಬ್ಬರು ಮಕ್ಕಳು. ಹೊರಗೆ ಬಿಟ್ಟಿದ್ದ ಕೊಡ ಉರುಳಿ ಹೋಗುತ್ತಿದೆ ಅಂತ ಆ ಮನೆಯ ಹುಡುಗ ಸಮುದ್ರದ ಕಡೆಯ ಬಾಗಿಲು ತೆಗೆದ. ತೆಗೆದದ್ದೇ ತಡ, ಗಾಳಿ ಒಳಗೆ ನುಗ್ಗಿತು, ಮೇಲಿನ ಪತ್ರಾಸು ಒಂದು ಸಲ ಉಬ್ಬಿ ಮೇಲೆದ್ದು ಕೆಳಗಿನ ಆಧಾರದ ಪೈಪಿನ ಸಮೇತ ಕಿತ್ತುಕೊಂಡು ಹೋಯಿತು. ಚರಂಡಿ ದಾಟಿ ಲೈಟಿನ ಕಂಬಕ್ಕೆ ಸಿಕ್ಕಿಕೊಂಡಿತು. ಆ ಹೊತ್ತಿಗೆ ದಾರಿಯಲ್ಲಿ ಯಾರೂ ಇರಲಿಲ್ಲ ಅನ್ನುವುದೇ ಪುಣ್ಯ. ಮಕ್ಕಳು ಗೋಡೆಗೆ ಒರಗಿ ಕೂತು ನಡುಗುತ್ತಿದ್ದವು. ನಾವು ಕೈ ಹಿಡಿದು ಕರೆದುಕೊಂಡು ಬಂದೆವು, ನಮ್ಮ ಮನೆಯ ಒಳಕೋಣೆಗೆ ಮಾತ್ರ ಸ್ಲ್ಯಾಬ್ ಇದೆ, ಆ ಹತ್ತಡಿ ಜಾಗದಲ್ಲಿ ಮಧ್ಯಾಹ್ನದವರೆಗೆ ಹನ್ನೊಂದು ಜನ ಕೂತಿದ್ದೆವು.

ಆ ಖೋಲಿಯ ಪೈಪು ಗೋಡೆಗೆ ಹಿಡಿದೇ ಇರಲಿಲ್ಲ. ಸುಮ್ನೆ ಗೋಡೆ ಮೇಲೆ ಇಟ್ಟು, ಎರಡು ಕಡೆ ಕಲ್ಲು ಇಟ್ಟು, ಸಿಮೆಂಟ್ ಬಳಿದಿದ್ದರು. ಏಪ್ರಿಲ್‌ನಲ್ಲೇ ಮಾಲೀಕರಿಗೆ ಹೇಳಿದ್ದೆ. ಮಳೆ ಮುಗಿದ ಮೇಲೆ ನೋಡೋಣ ಅಂದಿದ್ದರು.

ಇನ್ನೊಂದು ಮಾತು. ಆ ದಿನ ಗೋವಾಕ್ಕೆ ತಾಗಿದ್ದು ಚಂಡಮಾರುತದ ಅಂಚು ಮಾತ್ರ. ನಡುಭಾಗ ಸಮುದ್ರದಲ್ಲೇ ಇತ್ತು, ಅದು ಮರುದಿನ ಮುಂಬೈ ಪಕ್ಕದಲ್ಲಿ ಹಾದು ರಾತ್ರಿ ಗುಜರಾತಿನಲ್ಲಿ ದಡ ಸೇರಿತು. ಅಂಚಿಗೇ ಗೋವಾದಲ್ಲಿ ಇಬ್ಬರು ಸತ್ತರು, ನೂರಾರು ಮರ ಉರುಳಿದವು, ಎಷ್ಟೋ ಕಡೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ನಡುಭಾಗವೇ ನಮ್ಮ ಮೇಲೆ ಬಂದಿದ್ದರೆ? 2020ರ ಜೂನ್ 3ರಂದು ನಿಸರ್ಗ ಚಂಡಮಾರುತ ಮಹಾರಾಷ್ಟ್ರದ ಅಲಿಬಾಗ್ ಕಡೆ ದಡ ಸೇರಿದಾಗ ಆದದ್ದು ಅದೇ. ನನ್ನ ಜೊತೆ ಕೆಲಸ ಮಾಡುವ ಹುಡುಗರು ಆಮೇಲೆ ಶ್ರೀವರ್ಧನ, ದಾಪೋಲಿ ಕಡೆ ಪತ್ರಾಸ್ ಹಾಕಲು ಹೋಗಿದ್ದರು. ಓಣಿಗೆ ಓಣಿಯೇ ಬರೀ ಗೋಡೆ ನಿಂತಿತ್ತು, ಅಡಿಕೆ ತೆಂಗು ಎಲ್ಲ ಮಲಗಿತ್ತು ಅಂತ ಹೇಳುತ್ತಿದ್ದರು.

ಇಂಥ ಗಾಳಿ ಬಂಗಾಳ ಕೊಲ್ಲಿಯ ಕಡೆಯದು, ನಮ್ಮ ಕಡೆಗೆ ಬರುವುದಿಲ್ಲ ಅಂತ ಇನ್ನೂ ತುಂಬಾ ಜನ ಅಂದುಕೊಂಡಿದ್ದಾರೆ. 2019ರ ಒಂದೇ ವರ್ಷ ಅರಬ್ಬಿ ಸಮುದ್ರದಲ್ಲಿ ಐದು ಚಂಡಮಾರುತ ಎದ್ದವು. ಮರುವರ್ಷ ನಿಸರ್ಗ, ಅದರ ಮರುವರ್ಷ ತೌಕ್ತೆ, 2023ರಲ್ಲಿ ಬಿಪರ್‌ಜಾಯ್. ಸಮುದ್ರದ ನೀರು ಬಿಸಿ ಆಗುತ್ತಿದೆ, ಅದಕ್ಕೇ ಇವು ಜಾಸ್ತಿ ಆಗುತ್ತಿವೆ, ಜೋರೂ ಆಗುತ್ತಿವೆ ಅಂತ ವಿಜ್ಞಾನಿಗಳು ಹೇಳುತ್ತಿದ್ದಾರೆ. ಮಳೆಗಾಲಕ್ಕೆ ಮುಂಚೆ ಮೇ, ಜೂನ್, ಮಳೆಗಾಲ ಮುಗಿದ ಮೇಲೆ ಅಕ್ಟೋಬರ್, ನವೆಂಬರ್. ಈ ನಾಲ್ಕು ತಿಂಗಳು ನಾವು ಎಚ್ಚರ ಇರಬೇಕು.

ಈಗ ನನ್ನ ಕೆಲಸದ ವಿಷಯ ಹೇಳುತ್ತೇನೆ, ಇದನ್ನು ದಯವಿಟ್ಟು ಕತ್ತರಿಸಬೇಡಿ.

ಪತ್ರಾಸು ಹಾರಬಾರದು ಅಂತ ನಮ್ಮವರು ಮೇಲೆ ಕಲ್ಲು ಇಡುತ್ತಾರೆ, ಹಳೆಯ ಟೈರ್ ಇಡುತ್ತಾರೆ. ಸಾಧಾರಣ ಗಾಳಿಗೆ ನಡೆಯುತ್ತದೆ. ಚಂಡಮಾರುತಕ್ಕೆ ನಡೆಯುವುದಿಲ್ಲ. ಗಾಳಿ ಚಾವಣಿಯನ್ನು ಕೆಳಗೆ ಒತ್ತುವುದಿಲ್ಲ, ಮೇಲಿನಿಂದ ಹೀರಿ ಎಳೆಯುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಹತ್ತು ಅಡಿ ಉದ್ದ, ಮೂರೂವರೆ ಅಡಿ ಅಗಲದ ಒಂದು ಪತ್ರಾಸು 15 ಕೆಜಿ ತೂಗುವುದೂ ಕಷ್ಟ. ಗಂಟೆಗೆ 60 ಕಿಲೋಮೀಟರ್ ಗಾಳಿ ಅದನ್ನು ಸುಮಾರು 50 ಕೆಜಿ ಬಲದಿಂದ ಮೇಲೆ ಎಳೆದರೆ, 120 ಕಿಲೋಮೀಟರ್ ಗಾಳಿ ಹತ್ತಿರ ಹತ್ತಿರ 200 ಕೆಜಿ ಬಲದಿಂದ ಎಳೆಯುತ್ತದೆ. ಅದರ ಮುಂದೆ ಹತ್ತು ಕೆಜಿ ಕಲ್ಲು ಏನು ಮಾಡೀತು? ಪತ್ರಾಸು ಎದ್ದಾಗ ಆ ಕಲ್ಲೇ ಪಕ್ಕದ ಮನೆಯವರ ತಲೆಗೆ ಬೀಳುತ್ತದೆ. ಗಾಳಿ ಬರುವ ಸುದ್ದಿ ಇದ್ದರೆ ಕಲ್ಲು ಇಳಿಸಿಬಿಡಿ.

ಪತ್ರಾಸನ್ನು ಹಿಡಿಯಬೇಕಾದದ್ದು ಸ್ಕ್ರೂ, ಜೆ ಬೋಲ್ಟು (ಕೊಕ್ಕೆಯ ಹಾಗೆ ಬಾಗಿದ ಬೋಲ್ಟು). ಚಾವಣಿ ಕಿತ್ತುಹೋಗುವುದು ಅಂಚಿನಿಂದ, ಮೂಲೆಯಿಂದ ಶುರು ಆಗುತ್ತದೆ. ನಡುವೆ ಒಂದು ಬಿಟ್ಟು ಒಂದು ಉಬ್ಬಿಗೆ ಸ್ಕ್ರೂ ಹಾಕಿದರೂ ಅಂಚಿನ ಸಾಲಿನಲ್ಲಿ ಪ್ರತಿ ಉಬ್ಬಿಗೂ ಇರಬೇಕು, ಅಗಲ ವಾಷರ್ ಇರಬೇಕು. ವಾಷರ್ ಸಣ್ಣದಾದರೆ ಸ್ಕ್ರೂ ಅಲ್ಲೇ ಇರುತ್ತದೆ, ಪತ್ರಾಸು ಹರಿದು ಹೋಗುತ್ತದೆ. ತುಕ್ಕು ಹಿಡಿದ ಬೋಲ್ಟು ಕೈಯಲ್ಲಿ ತಿರುಗಿದರೆ ಅದು ಇದ್ದೂ ಇಲ್ಲದ ಹಾಗೆ. ಕೆಳಗಿನ ಪೈಪು ಗೋಡೆಗೆ ಕ್ಲ್ಯಾಂಪ್ ಹಾಕಿ ಹಿಡಿದಿರಬೇಕು, ಇಲ್ಲದಿದ್ದರೆ ಮೂರನೆಯ ಖೋಲಿಯ ಹಾಗೆ ಎಲ್ಲ ಒಟ್ಟಿಗೇ ಹೋಗುತ್ತದೆ. ನೆರಳಿಗೆ ಅಂತ ಮೂರು ಅಡಿ ಹೊರಗೆ ಚಾಚಿದ ಪತ್ರಾಸನ್ನು ಗಾಳಿ ಮೊದಲು ಹಿಡಿಯುತ್ತದೆ, ಅದನ್ನು ಗಿಡ್ಡ ಮಾಡಿಸಿ. ಒಂದು ಖೋಲಿಗೆ ಇಷ್ಟೆಲ್ಲ ಮಾಡಲು ನಮ್ಮಂಥವರಿಗೆ ಒಂದು ದಿನ ಸಾಕು. ಆದರೆ ಬಿಸಿಲು ಇರುವಾಗ ಮಾಡಿಸಬೇಕು. ಗಾಳಿ ಶುರುವಾದ ಮೇಲೆ ಯಾರೂ ಮೇಲೆ ಹತ್ತಬಾರದು. ಸಿಮೆಂಟ್ ಪತ್ರಾಸಿನ ಮೇಲಂತೂ ಯಾವತ್ತೂ ಓಡಾಡಬೇಡಿ, ಅದು ಹೇಳದೆ ಕೇಳದೆ ಮುರಿಯುತ್ತದೆ. ಬಾಗಿಲ ವಿಷಯ ಮೇಲೆ ಹೇಳಿದೆ, ಮತ್ತೆ ಹೇಳುತ್ತೇನೆ, ಗಾಳಿ ಬರುವ ಕಡೆಯ ಬಾಗಿಲು ಕಿಟಕಿ ಭದ್ರವಾಗಿ ಹಾಕಿರಬೇಕು. ಕೊಡ ಹೋದರೆ ಹೋಗಲಿ.

ಇಷ್ಟು ಮಾಡಿದರೂ ಪತ್ರಾಸಿನ ಮನೆ ಸ್ಲ್ಯಾಬ್ ಮನೆ ಆಗುವುದಿಲ್ಲ. ಅದಕ್ಕೇ ಎಲ್ಲಕ್ಕಿಂತ ಮೊದಲ ಪ್ರಶ್ನೆ, ಈ ಮನೆಯಲ್ಲಿ ಇರಬೇಕೋ ಬೇಡವೋ. ಇದನ್ನು ಗಾಳಿ ಬಂದಾಗ ಯೋಚಿಸಲು ಆಗುವುದಿಲ್ಲ. ಹವಾಮಾನ ಇಲಾಖೆ ಸುಮಾರು 72 ಗಂಟೆ ಮುಂಚೆ ಮೊದಲ ಸೂಚನೆ ಕೊಡುತ್ತದೆ, 48 ಗಂಟೆ ಇರುವಾಗ ಇನ್ನೊಂದು, 24 ಗಂಟೆ ಇರುವಾಗ ಮತ್ತೊಂದು. ಮೊದಲ ಸೂಚನೆ ಬಂದಾಗಲೇ ಹೋಗುವ ಜಾಗ ಗೊತ್ತಿರಬೇಕು. ಪರಿಚಯದವರ ಸ್ಲ್ಯಾಬ್ ಮನೆ, ಸರ್ಕಾರಿ ಶಾಲೆ, ಸಮುದಾಯ ಭವನ, ಯಾವುದಾದರೂ ಆಗಲಿ. 24 ಗಂಟೆಯ ಸೂಚನೆ ಬಂದ ದಿನ ಬೆಳಕಿರುವಾಗಲೇ ಹೊರಡಬೇಕು. ಗುಡ್ಡ ಕಡಿದು ಕಟ್ಟಿದ ಖೋಲಿಯವರು, ನಾಲೆಯ ಅಂಚಿನವರು ಚಾವಣಿ ಗಟ್ಟಿ ಇದ್ದರೂ ಹೊರಡಲೇಬೇಕು, ಅಲ್ಲಿ ಗಾಳಿಗಿಂತ ಮಣ್ಣು, ನೀರಿನ ಭಯ.

ನಮ್ಮವರು ಯಾಕೆ ಹೊರಡುವುದಿಲ್ಲ ಅಂತ ನನಗೆ ಗೊತ್ತು. ಟಿವಿ ಇದೆ, ಸಿಲಿಂಡರ್ ಇದೆ, ಹೊಲಿಗೆ ಮಷೀನ್ ಇದೆ. ಬೀಗ ಹಾಕಿ ಹೋದರೆ ಕಳುವಾದರೆ ಯಾರನ್ನು ಕೇಳುವುದು? ಜೊತೆಗೆ ಸಂಕೋಚ. ಇನ್ನೊಬ್ಬರ ಮನೆ ಬಾಗಿಲಿಗೆ ಮಕ್ಕಳನ್ನು ಕಟ್ಟಿಕೊಂಡು ಹೇಗೆ ಹೋಗುವುದು ಅಂತ. ಶಾಲೆಗೆ ಹೋದರೆ ನೀವು ಇಲ್ಲಿಯವರಲ್ಲ ಅಂದುಬಿಟ್ಟರೆ ಅನ್ನುವ ಹೆದರಿಕೆಯೂ ಇದೆ. ಅದಕ್ಕೇ ಮುಂಚೆಯೇ, ಒಳ್ಳೆಯ ದಿನದಲ್ಲಿ, ಅಣ್ಣಾ ಗಾಳಿ ಬಂದರೆ ಒಂದು ರಾತ್ರಿ ನಿಮ್ಮಲ್ಲಿಗೆ ಬರುತ್ತೇವೆ ಅಂತ ಕೇಳಿಟ್ಟುಕೊಳ್ಳಬೇಕು. ಸ್ಲ್ಯಾಬ್ ಮನೆಯ ಕನ್ನಡಿಗರು ಅವರು ಕೇಳುವ ತನಕ ಕಾಯದೆ ತಾವೇ ಕರೆಯಲಿ. ನಮ್ಮ ಓಣಿಯಲ್ಲಿ ಈಗ ಯಾರು ಯಾರ ಮನೆಗೆ ಹೋಗಬೇಕು ಅಂತ ಗೊತ್ತಿದೆ.

ವಾಟ್ಸಾಪಿನಲ್ಲಿ ಅಮೆರಿಕದ ವೀಡಿಯೊ ಬರುತ್ತಿರುತ್ತವೆ. ಅಲ್ಲಿ ಇದೇ ಗಾಳಿಗೆ ಹರಿಕೇನ್ ಅಂತ ಹೆಸರು, ಗಂಟೆಗೆ 119 ಕಿಲೋಮೀಟರ್ ಮುಟ್ಟಿದರೆ ಹಾಗೆ ಕರೆಯುತ್ತಾರೆ. ಕಿಟಕಿಗೆ ಪ್ಲೈವುಡ್ ಹೊಡೆಯುತ್ತಾರೆ, ಅದು ಸರಿ. ಗಾಜಿಗೆ ಅಡ್ಡಡ್ಡ ಟೇಪ್ ಅಂಟಿಸುವುದನ್ನು ನೋಡಿ ಇಲ್ಲಿಯವರೂ ಹಾಗೇ ಮಾಡುತ್ತಾರೆ. ಟೇಪಿನಿಂದ ಗಾಜು ಗಟ್ಟಿ ಆಗುವುದಿಲ್ಲ, ಒಡೆದಾಗ ಇನ್ನೂ ದೊಡ್ಡ ತುಂಡು ಬೀಳುತ್ತವೆ. ಮುಂಬೈ, ಪುಣೆಯಲ್ಲಿ ಫ್ಲ್ಯಾಟಿನಲ್ಲಿ ಇರುವವರು ಟೇಪ್ ಬಿಟ್ಟು ಗ್ರಿಲ್ ಮೇಲಿನ ಹೂಕುಂಡ ಒಳಗೆ ಇಡಲಿ. ತೌಕ್ತೆ ಬಂದಾಗ ಕೊಲಾಬಾದಲ್ಲಿ ಗಾಳಿ ಗಂಟೆಗೆ 114 ಕಿಲೋಮೀಟರ್ ಮುಟ್ಟಿತ್ತು. ಆರನೆಯ ಮಹಡಿಯಿಂದ ಕುಂಡ ಬಿದ್ದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಮನೆಯೊಳಗೆ ಕೂತವರು ಕಿಟಕಿಯಿಂದ ದೂರ ಇರಲಿ. ಗಾಳಿ ಒಮ್ಮೆಗೇ ನಿಂತುಹೋದರೆ ಮುಗಿಯಿತು ಅಂತ ಹೊರಗೆ ಬರಬೇಡಿ. ಚಂಡಮಾರುತದ ಕಣ್ಣು ಮೇಲೆ ಬಂದಾಗ ಹಾಗೆ ಆಗುತ್ತದೆ, ಅದು ದಾಟಿದ ಮೇಲೆ ಎದುರು ದಿಕ್ಕಿನಿಂದ ಮತ್ತೆ ಅಷ್ಟೇ ಜೋರಾಗಿ ಬೀಸುತ್ತದೆ.

ಊಟದ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೋವಾದವರು ಮೇ ತಿಂಗಳಲ್ಲಿ ಪುರುಮೆಂತ್ ಅಂತ ಮಳೆಗಾಲಕ್ಕೆ ಅಕ್ಕಿ, ಉಪ್ಪು, ಮೆಣಸಿನಕಾಯಿ, ಒಣಮೀನು ಎಲ್ಲ ಕೂಡಿಡುತ್ತಾರೆ. ನಮ್ಮಲ್ಲಿ ಖಡಕ್ ರೊಟ್ಟಿ ಇದೆ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಚುರುಮುರಿ, ಪುಟಾಣಿ (ಹುರಿಗಡಲೆ) ಇದೆ. ಒಲೆ ಹಚ್ಚದೆ ಮೂರು ದಿನ ಕಳೆಯಲು ಇದಕ್ಕಿಂತ ಒಳ್ಳೆಯದು ಯಾವುದಿದೆ? ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಇಟ್ಟರೆ ಆಯಿತು. ಕಷ್ಟ ಆಗುವುದು ನೀರಿಗೆ. ಕರೆಂಟ್ ಹೋದರೆ ಪಂಪ್ ಇಲ್ಲ, ಪಂಪ್ ಇಲ್ಲದಿದ್ದರೆ ನಲ್ಲಿ ಇಲ್ಲ. ಕುಡಿಯಲು ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಅಂದರೂ ನಾಲ್ಕು ಜನಕ್ಕೆ ಮೂರು ದಿನಕ್ಕೆ 36 ಲೀಟರ್, 20 ಲೀಟರಿನ ಎರಡು ಕ್ಯಾನ್ ತುಂಬಿಡಿ. ತೌಕ್ತೆ ಆದ ಮೇಲೆ ನಮಗೆ ಮೂರು ದಿನ ಕರೆಂಟ್ ಇರಲಿಲ್ಲ. ಪಕ್ಕದ ಅಜ್ಜಿಯ ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಫ್ರಿಜ್ಜಿನಲ್ಲಿತ್ತು. ನನ್ನ ಹೆಂಡತಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಡಬ್ಬಿಯಲ್ಲಿ ಹಾಕಿ, ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯೊಳಗೆ ತಂಪಾಗಿ ಇಟ್ಟಳು. ದಿನಾ ಮಾತ್ರೆ ತೆಗೆದುಕೊಳ್ಳುವವರು ವಾರಕ್ಕಾಗುವಷ್ಟು ಮುಂಚೆಯೇ ತಂದಿಡಿ. ಆಧಾರ್, ಪಾಸ್‌ಬುಕ್, ಮಕ್ಕಳ ಶಾಲೆಯ ಕಾಗದ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇರಲಿ, ಹೊರಡುವಾಗ ಅದೊಂದು ಕೈಯಲ್ಲಿ ಇದ್ದರೆ ಸಾಕು. ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಮೇನ್ ಸ್ವಿಚ್ ಆಫ್ ಮಾಡಿ.

ಗಾಳಿ ನಿಂತ ಮೇಲೆ ಆಗುವ ಸಾವೂ ಕಡಿಮೆ ಇಲ್ಲ. ನಮ್ಮ ಓಣಿಯ ಪತ್ರಾಸು ಕಂಬಕ್ಕೆ ಸಿಕ್ಕಿಕೊಂಡಿತ್ತು ಅಂದೆನಲ್ಲ, ಮರುದಿನ ಅದನ್ನು ಇಳಿಸಲು ಇಬ್ಬರು ಹುಡುಗರು ಹೊರಟೇಬಿಟ್ಟಿದ್ದರು. ಕರೆಂಟ್ ಇಲ್ಲ ಅಲ್ವಾ ಅಂದರು. ಕರೆಂಟ್ ಯಾವ ಕ್ಷಣದಲ್ಲಾದರೂ ಬರುತ್ತದೆ. ನಾನು ಬೈದು ನಿಲ್ಲಿಸಿದೆ, ಲೈನ್‌ಮನ್ ಬರುವ ತನಕ ಆ ಕಡೆ ಯಾರೂ ಹೋಗಲಿಲ್ಲ. ಹರಿದು ಬಿದ್ದ ತಂತಿ, ಅದು ಬಿದ್ದ ನೀರು, ಅದಕ್ಕೆ ತಾಗಿದ ಪತ್ರಾಸು, ಮೂರನ್ನೂ ಮುಟ್ಟಬಾರದು.

ಸಂಪಾದಕರೇ, ಫೋನಿಗೆ ಬರುವ ಎಚ್ಚರಿಕೆ ಇಲ್ಲಿ ಇಂಗ್ಲಿಷಿನಲ್ಲಿ ಇರುತ್ತದೆ, ಇಲ್ಲ ಕೊಂಕಣಿ, ಮರಾಠಿಯಲ್ಲಿ. ನಮ್ಮ ಗಾರೆ ಕೆಲಸದ ಹೆಣ್ಣುಮಕ್ಕಳಿಗೆ ಅದು ಓದಲು ಬರುವುದಿಲ್ಲ. ನಿಮ್ಮ ಪತ್ರಿಕೆ ಬರುತ್ತದೆ, ಚಹದ ಅಂಗಡಿಯಲ್ಲಿ ಒಬ್ಬರು ಜೋರಾಗಿ ಓದಿದರೆ ಹತ್ತು ಜನ ಕೇಳುತ್ತಾರೆ. ಮೇ ಮೊದಲ ವಾರ ಒಮ್ಮೆ, ಅಕ್ಟೋಬರ್ ಮೊದಲ ವಾರ ಒಮ್ಮೆ, ಅರ್ಧ ಪುಟ ಕೊಡಿ. ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಅಂದರೆ ಏನು, ಯಾವುದಕ್ಕೆ ಏನು ಮಾಡಬೇಕು, ಗೋವಾ, ಮುಂಬೈನಲ್ಲಿ ಆಸರೆಗೆ ಎಲ್ಲಿ ಹೋಗಬೇಕು, ತುರ್ತು ಸಹಾಯದ 112 ಮತ್ತು ಜಿಲ್ಲಾ ವಿಪತ್ತು ಸಹಾಯವಾಣಿ 1077 ನಂಬರ್, ಇಷ್ಟು ದೊಡ್ಡ ಅಕ್ಷರದಲ್ಲಿ ಇರಲಿ. ‘ಮನೆಯಲ್ಲೇ ಇರಿ’ ಅನ್ನುವ ಸಾಲಿನ ಕೆಳಗೆ ‘ಪತ್ರಾಸಿನ ಮನೆಯವರು ಗಟ್ಟಿ ಕಟ್ಟಡಕ್ಕೆ ಹೋಗಿ’ ಅಂತ ಇನ್ನೊಂದು ಸಾಲು ಸೇರಿಸಿ. ಆ ಪುಟ ಕತ್ತರಿಸಿ ನಮ್ಮ ಓಣಿಯ ಚಹದ ಅಂಗಡಿ ಗೋಡೆಗೆ ನಾನೇ ಅಂಟಿಸುತ್ತೇನೆ.

ಒಬ್ಬ ಫ್ಯಾಬ್ರಿಕೇಶನ್ ಕೆಲಸಗಾರ,
ಜುವಾರಿನಗರ, ವಾಸ್ಕೋ, ಗೋವಾ